ಹೆರಿಗೆ ರಜೆ ಮುಗಿಯಿತು, ಡ್ಯೂಟಿ ಹೊಂದಾಣಿಕೆ ಉಳಿಯಲಿ

ಹೆರಿಗೆ ರಜೆ ಮುಗಿಸಿ ವಾರ್ಡಿಗೆ ಮರಳಿದ ಮೊದಲ ತಿಂಗಳು ಎಲ್ಲರೂ ಒಳ್ಳೆಯವರೇ. ಇನ್‌ಚಾರ್ಜ್ ಸಿಸ್ಟರ್ ‘ಪಾಪ, ಮಗು ಇನ್ನೂ ಚಿಕ್ಕದು’ ಅಂತ ತಾವಾಗಿಯೇ ನೈಟ್ ಡ್ಯೂಟಿ ತಪ್ಪಿಸುತ್ತಾರೆ. ಎರಡನೇ ತಿಂಗಳಿಗೆ ಇಬ್ಬರು ಕೆಲಸ ಬಿಡುತ್ತಾರೆ, ಇನ್ನೊಬ್ಬರು ಮದುವೆಗೆ ರಜೆ ಹಾಕುತ್ತಾರೆ. ಆಮೇಲೆ ಶುರು: ‘ಸಿಸ್ಟರ್, ಈ ವಾರ ಒಂದೇ ಒಂದು ನೈಟ್ ಮಾಡಿಬಿಡಿ.’ ಹೊಂದಾಣಿಕೆ ಸಿಗುವುದಕ್ಕಿಂತ ಉಳಿಯುವುದು ಕಷ್ಟ. ಕರುಣೆಯಿಂದ ಸಿಕ್ಕಿದ್ದಕ್ಕೆ ಆಯಸ್ಸು ಕಡಿಮೆ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಡ್ಯೂಟಿ ಡಾಕ್ಟರ್ ಯಾರೇ ಆಗಿರಲಿ, ಈ ಸೂತ್ರಗಳು ಕೈಯಲ್ಲಿರಲಿ.

1. ರಜೆಯ ಲೆಕ್ಕ ಹೆರಿಗೆಗೆ ಮೊದಲೇ ಹಾಕಿ

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. ಇದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಅಷ್ಟನ್ನೂ ಮೊದಲೇ ಬಳಸಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನೀವು ಡ್ಯೂಟಿಗೆ ಮರಳುವಾಗ ಮಗುವಿಗೆ ನಾಲ್ಕು ತಿಂಗಳು ತುಂಬಿರುತ್ತದೆ ಅಷ್ಟೇ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ಬೇರೆ ತಾಯಂದಿರಿಗೆ ದಿನವೂ ಹೇಳುವವರು ನೀವೇ. ನಿಮ್ಮ ಡಾಕ್ಟರ್ ಒಪ್ಪಿದರೆ, ರಜೆಯ ಹೆಚ್ಚಿನ ಪಾಲನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಿ.

2. ಕಾನೂನು ಕೊಟ್ಟದ್ದನ್ನೂ ಕೊಡದ್ದನ್ನೂ ಬೆರೆಸಬೇಡಿ

ಕೊಟ್ಟದ್ದು: ಮಗುವಿಗೆ 15 ತಿಂಗಳಾಗುವವರೆಗೆ, ಊಟ-ವಿಶ್ರಾಂತಿಯ ವಿರಾಮದ ಜೊತೆಗೆ, ದಿನಕ್ಕೆ ಎರಡು ಹಾಲೂಡಿಸುವ ಬಿಡುವು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅವಕಾಶ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ನಿಮಗೆ ನಷ್ಟವಾಗುವ ಹಾಗೆ ಷರತ್ತು ಬದಲಿಸುವಂತಿಲ್ಲ.

ಕೊಡದ್ದು: ಅರ್ಧ ದಿನದ ಕೆಲಸ, ನಿಮ್ಮಿಷ್ಟದ ಪಾಳಿ. ಇವೆಲ್ಲ ಮಾತುಕತೆಯಲ್ಲಿ ಪಡೆಯುವಂಥವು. ‘ಕಾನೂನಿನಲ್ಲೇ ಇದೆ’ ಎಂದು ಎಚ್‌ಆರ್ ಮುಂದೆ ವಾದಿಸಿ ಸೋತರೆ, ನಿಜವಾಗಿ ಇರುವ ಹಕ್ಕನ್ನು ಕೇಳುವಾಗಲೂ ದನಿ ಸಣ್ಣದಾಗುತ್ತದೆ. ಕೆಲಸದ ಸ್ವರೂಪ ಅನುಮತಿಸಿದರೆ, ಇಬ್ಬರೂ ಒಪ್ಪಿದ ಷರತ್ತಿನ ಮೇಲೆ, ಮನೆಯಿಂದ ಕೆಲಸ ಮಾಡಬಹುದು ಎಂಬ ಮಾತೂ ಕಾನೂನಿನಲ್ಲಿದೆ. ಐಸಿಯು ನರ್ಸಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಟೆಲಿಮೆಡಿಸಿನ್, ದಾಖಲೆ ವಿಭಾಗ, ವಿಮೆ ಫೈಲು ನೋಡುವವರು ಮಾತ್ರ ಧೈರ್ಯವಾಗಿ ಕೇಳಬಹುದು.

3. ಬಾಯಿಮಾತು ಬೇಡ, ಅರ್ಜಿ ಕೊಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇನ್‌ಚಾರ್ಜ್ ಬದಲಾಗುತ್ತಾರೆ, ನರ್ಸಿಂಗ್ ಸೂಪರಿಂಟೆಂಡೆಂಟ್ ನಿವೃತ್ತರಾಗುತ್ತಾರೆ, ನಿಮ್ಮನ್ನೇ ಬೇರೆ ವಾರ್ಡಿಗೆ ಹಾಕುತ್ತಾರೆ. ಆಗ ‘ಹಳೇ ಮೇಡಂ ಒಪ್ಪಿದ್ದರು’ ಅನ್ನುವ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಅರ್ಜಿಯಲ್ಲಿ ‘ಮಗು ಚಿಕ್ಕದಿರುವುದರಿಂದ ದಯವಿಟ್ಟು ಸಹಕರಿಸಬೇಕು’ ಎಂದಷ್ಟೇ ಬರೆದರೆ ಅದು ಮನವಿಯಾಗಿಯೇ ಉಳಿಯುತ್ತದೆ. ಹೀಗೆ ಬರೆಯಿರಿ: ‘ಜುಲೈ 1ರಿಂದ ಡಿಸೆಂಬರ್ 31ರವರೆಗೆ ಬೆಳಗಿನ ಅಥವಾ ಮಧ್ಯಾಹ್ನದ ಪಾಳಿ ಕೊಡಿ. ತಿಂಗಳಿಗೆ ಎರಡು ಭಾನುವಾರ ಡ್ಯೂಟಿಗೆ ಸಿದ್ಧಳಿದ್ದೇನೆ. ಅಕ್ಟೋಬರ್ ಮೊದಲ ವಾರದಲ್ಲಿ ಮರುಪರಿಶೀಲಿಸಬಹುದು.’ ಶುರು, ಕೊನೆ, ಬದಲಿಗೆ ನೀವು ಕೊಡುವುದು ಮೂರೂ ಇರಲಿ. ಕೊನೆಯ ತಾರೀಖಿಲ್ಲದ ವಿನಾಯಿತಿಗೆ ಯಾವ ಆಡಳಿತವೂ ಸುಲಭವಾಗಿ ಸಹಿ ಹಾಕುವುದಿಲ್ಲ. ತಾರೀಖಿದ್ದರೆ ಮುಂದುವರಿಸಿ ಎಂದು ಕೇಳಲು ನಿಮಗೂ ದಾರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಕಡೆ ಇಮೇಲ್ ಸಾಕು. ಬಾಯಲ್ಲಿ ಒಪ್ಪಿದರೆ, ಅಂದೇ ಸಂಜೆ ‘ಇಂದು ಮಾತಾಡಿದಂತೆ’ ಎಂದು ಶುರು ಮಾಡಿ ಒಪ್ಪಿದ್ದನ್ನು ಬರೆದು ಕಳಿಸಿ.

4. ರೋಸ್ಟರ್ ಹಾಕುವವರ ಕಷ್ಟವನ್ನೂ ನೋಡಿ

ನರ್ಸಿಂಗ್ ಸ್ಟೇಷನ್ನಿನ ಆ ಹಾಳೆಯನ್ನು ಒಮ್ಮೆ ದಿಟ್ಟಿಸಿ ನೋಡಿ. ಎಡಕ್ಕೆ ಹೆಸರು, ಮೇಲೆ ತಾರೀಖು, ಮನೆಮನೆಗೂ ಎಂ, ಇ, ಎನ್ (ಬೆಳಗು, ಸಂಜೆ, ರಾತ್ರಿ). ನಿಮ್ಮ ಸಾಲಿನಲ್ಲಿ ಅಳಿಸಿದ ಪ್ರತಿ ಎನ್ ಇನ್ನೊಬ್ಬರ ಸಾಲಿಗೆ ಹೋಗಿ ಕೂರುತ್ತದೆ, ಮತ್ತು ಆ ಇನ್ನೊಬ್ಬರು ಹೆಚ್ಚಾಗಿ ಮದುವೆಯಾಗದ ಹೊಸ ಹುಡುಗಿ. ಅವಳ ಮುನಿಸು ಅನ್ಯಾಯದ್ದೇನಲ್ಲ. ಯುಗಾದಿ, ದೀಪಾವಳಿಯ ಬೆಳಗಿನ ಪಾಳಿ ನೀವೇ ಕೇಳಿ ಹಾಕಿಸಿಕೊಳ್ಳಿ. ಹ್ಯಾಂಡೋವರ್‌ಗೆ ಹತ್ತು ನಿಮಿಷ ಮೊದಲೇ ಬನ್ನಿ. ರಾತ್ರಿಯಿಡೀ ನಿಂತವಳು ಬ್ಯಾಗು ಹೆಗಲಿಗೇರಿಸಿ ಬಾಗಿಲು ನೋಡುತ್ತಿರುತ್ತಾಳೆ. ನಿಮ್ಮ ಹೊಂದಾಣಿಕೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ಆಡಳಿತಕ್ಕಿಂತ ಹೆಚ್ಚಾಗಿ ಇಂಥವರೇ ತೀರ್ಮಾನಿಸುತ್ತಾರೆ.

5. ಹಾಲಿಗೆ ಜಾಗ ಮೊದಲೇ ಗೊತ್ತುಮಾಡಿ

ಶೌಚಾಲಯದಲ್ಲಿ ನಿಂತು ಹಾಲು ಹಿಂಡುವ ಗತಿ ಯಾರಿಗೂ ಬೇಡ. ಚಿಲಕವಿರುವ ಒಂದು ಕೋಣೆ, ಒಂದು ಪ್ಲಗ್ ಪಾಯಿಂಟ್ ಕೇಳಿ. ಹಿಂಡಿದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇಡಬಹುದು. ರಾಯಚೂರು, ಕಲಬುರಗಿಯ ಬೇಸಿಗೆಗೆ ಈ 25 ಡಿಗ್ರಿ ಲೆಕ್ಕ ನಡೆಯದು, ಐಸ್‌ಪ್ಯಾಕ್ ಇರುವ ಚೀಲ ತನ್ನಿ. ಲಸಿಕೆಯ ಫ್ರಿಜ್ಜನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡುವಂತಿಲ್ಲ, ತಪಾಸಣೆಗೆ ಬಂದವರ ಕಣ್ಣಿಗೆ ಬಿದ್ದರೆ ಮಾತು ಕೇಳಬೇಕಾಗುತ್ತದೆ.

6. ಗುತ್ತಿಗೆ ಎಂದು ಹಿಂಜರಿಯಬೇಡಿ

ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲಿದ್ದ ಡಾ. ಕವಿತಾ ಯಾದವ್ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಅರ್ಹತೆ ಇದ್ದ ಮೇಲೆ, ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯವನ್ನು ಪೂರ್ತಿ ಕೊಡಬೇಕು. ಅರ್ಹತೆ ಎಂದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನದ ಕೆಲಸ. ಹಾಜರಿ ಪಟ್ಟಿಯ ಫೋಟೊ, ಸಂಬಳದ ಚೀಟಿ ಜೋಪಾನ.

7. ಸರ್ಕಾರಿ ನೌಕರಿಯಲ್ಲಿದ್ದರೆ

ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 180 ದಿನದ ಹೆರಿಗೆ ರಜೆಯ ಜೊತೆಗೆ, 2021ರ ಬಜೆಟ್ಟಿನಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಪ್ರಕಟವಾಯಿತು. ಅದನ್ನು ಒಂದೇ ಸಲ ಖಾಲಿ ಮಾಡುವ ಆತುರ ಬೇಡ. ಮಗು ಶಾಲೆಗೆ ಸೇರುವ ವರ್ಷವೂ ಬರುತ್ತದೆ.

8. ಬ್ರಿಟನ್ನಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯರಿಗೆ

ಅಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ದಿನವೇ ಹೊಂದಾಣಿಕೆಯ ಪಾಳಿ ಕೇಳುವ ಹಕ್ಕಿದೆ. ವರ್ಷಕ್ಕೆ ಎರಡು ಅರ್ಜಿ, ಎರಡು ತಿಂಗಳೊಳಗೆ ತೀರ್ಮಾನ. ಕೇಳುವ ಹಕ್ಕು ಎಂದರೆ ಸಿಕ್ಕೇ ಸಿಗುತ್ತದೆ ಎಂದಲ್ಲ, ಹಾಗಾಗಿ ಮೂರನೇ ಸೂತ್ರ ಅಲ್ಲಿಗೂ ಅನ್ವಯ.

9. ಮನೆಯಲ್ಲೂ ಒಂದು ರೋಸ್ಟರ್

ಅಮ್ಮ ಇರುವ ಪಾಳಿ, ಅತ್ತೆ ಇರುವ ಪಾಳಿ ಎಂದು ಎಲ್ಲ ಮನೆಗಳಲ್ಲೂ ಇರುತ್ತದೆ. ಗಂಡನ ಹೆಸರಿನ ಸಾಲೂ ಅದರಲ್ಲಿರಲಿ, ವಾರಕ್ಕೆ ಒಂದೆರಡು ಎನ್ ಸಮೇತ.

ರಜೆ ಮುಗಿಯಲು ನಿಮಗೆ ಇನ್ನೊಂದು ತಿಂಗಳಿದ್ದರೆ ಅರ್ಜಿಯನ್ನು ಈ ವಾರವೇ ಕೊಟ್ಟುಬಿಡಿ. ಮುಂದಿನ ತಿಂಗಳ ರೋಸ್ಟರ್ ಹೆಚ್ಚಿನ ಕಡೆ ಈ ತಿಂಗಳ ಕೊನೆಯ ವಾರದಲ್ಲೇ ಸಿದ್ಧವಾಗಿರುತ್ತದೆ.