ಜ್ಯೂರಿ ಡ್ಯೂಟಿಗೆ ಕರೆ ಬಂತು, ಸಂಬಳದ ಗತಿಯೇನು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ಅಂಚೆಪೆಟ್ಟಿಗೆಯಲ್ಲಿ ಕೋರ್ಟಿನ ಮುದ್ರೆಯ ಲಕೋಟೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ಸ್ಪೀಡಿಂಗ್ ಟಿಕೆಟ್ ದುಡ್ಡು ಆಗಲೇ ಕಟ್ಟಿದ್ದೀನಿ, ಆದ್ರೂ ಕೋರ್ಟಿಂದ ಕರೆ ಬಂದಿದೆ" ಎಂದ. ಫೋಟೊ ತೆಗೆದು ಕಳಿಸು ಎಂದೆ. ನೋಡಿದರೆ ಅದು ಜ್ಯೂರಿ ಸಮನ್ಸ್. ಅವನನ್ನು ಕರೆದಿದ್ದು ಕಟಕಟೆಯಲ್ಲಿ ನಿಲ್ಲಿಸುವುದಕ್ಕಲ್ಲ, ಕಟಕಟೆಯಲ್ಲಿ ನಿಂತವರ ಬಗ್ಗೆ ತೀರ್ಮಾನ ಹೇಳುವುದಕ್ಕೆ. ಅದು ಗೊತ್ತಾದ ಮೇಲೆ ಅವನು ಕೇಳಿದ್ದು ಎರಡೇ ಪ್ರಶ್ನೆ: "ರಜಾ ಕೊಡ್ತಾರಾ? ಸಂಬಳ ಕಟ್ ಆಗುತ್ತಾ?"

ರಜೆ ಕೊಡಲೇಬೇಕು. ಸಂಬಳದ ಉತ್ತರ ಅಷ್ಟು ಸುಲಭವಿಲ್ಲ.

ನಮ್ಮಲ್ಲಿ ಈ ಗೊಂದಲ ಇರುವುದಕ್ಕೆ ಕಾರಣವೂ ಇದೆ. ಭಾರತದಲ್ಲಿ ಜ್ಯೂರಿ ಎಂದರೆ 1959ರ ನಾನಾವತಿ ಕೊಲೆ ಪ್ರಕರಣ ನೆನಪಾಗುತ್ತದೆ. ಮುಂಬೈನಲ್ಲಿ ಜ್ಯೂರಿಯ ಎಂಟು ಜನ ಆರೋಪಿ ನಾನಾವತಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ, ನ್ಯಾಯಾಧೀಶರು ಆ ತೀರ್ಮಾನವನ್ನೇ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಹೀಗಾಗಿ ಆಫೀಸಿಗೆ ರಜೆ ಹಾಕಿ ಜ್ಯೂರಿಯಲ್ಲಿ ಕೂತು ಬಂದ ಅಪ್ಪನನ್ನೋ ಚಿಕ್ಕಪ್ಪನನ್ನೋ ನಾವು ಕಂಡವರಲ್ಲ. ಕೇಳಿ ತಿಳಿಯಲು ಮನೆಯಲ್ಲಿ ಹಿರಿಯರಿಲ್ಲದ ವಿಷಯ ಇದು.

ಮೊದಲು ನೋಡಬೇಕಾದ್ದು ಪೌರತ್ವದ ಚೌಕ

ರಜೆಯ ಮಾತು ಆಮೇಲೆ. ಲಕೋಟೆಯೊಳಗೆ ಒಂದು ಪ್ರಶ್ನಾವಳಿ ಇರುತ್ತದೆ, ಇಲ್ಲವೇ ಆನ್‌ಲೈನಿನಲ್ಲಿ ತುಂಬಿ ಎಂದು ಬರೆದಿರುತ್ತದೆ. ನೀವು ಅಮೆರಿಕದ ಪ್ರಜೆಯೇ ಎಂಬ ಪ್ರಶ್ನೆ ಅದರಲ್ಲಿ ಇದ್ದೇ ಇರುತ್ತದೆ. ಜ್ಯೂರಿಯಲ್ಲಿ ಕೂರಲು ಪ್ರಜೆಯಾಗಿರಬೇಕು, 18 ತುಂಬಿರಬೇಕು, ಇಂಗ್ಲಿಷ್ ಬರಬೇಕು. ಫೆಡರಲ್ ಕೋರ್ಟಾದರೆ ಆ ಜಿಲ್ಲೆಯಲ್ಲಿ ಒಂದು ವರ್ಷ ವಾಸವಿರಬೇಕು.

ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವವರಿಗೆ ಕರೆ ಏಕೆ ಬರುತ್ತದೆ? ಬಹಳಷ್ಟು ಕೋರ್ಟುಗಳು ಮತದಾರರ ಪಟ್ಟಿಯ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುತ್ತವೆ. ಲೈಸೆನ್ಸ್ ಮಾಡಿಸಿದ್ದೀರಿ, ಹೆಸರು ಬಂದಿದೆ, ಅಷ್ಟೇ. ನನಗೆ ಮೊದಲ ಸಮನ್ಸ್ ಬಂದಾಗ ನಾನೂ ಎಚ್-1ಬಿಯಲ್ಲಿದ್ದೆ. "ನಮಗಲ್ಲ ಬಿಡು" ಎಂದು ಗೆಳೆಯನೊಬ್ಬ ತನ್ನದನ್ನು ಕಸದ ಡಬ್ಬಿಗೆ ಹಾಕಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಜೆಯಲ್ಲ ಎಂದು ಗುರುತು ಮಾಡಿ, ಸಹಿ ಹಾಕಿ ವಾಪಸ್ ಕಳಿಸಿ. ಕೆಲವು ಕೋರ್ಟುಗಳು ಗ್ರೀನ್ ಕಾರ್ಡಿನ ಪ್ರತಿ ಕೇಳುತ್ತವೆ, ಕೊಡಿ. ಕಳಿಸಿದ್ದರ ಒಂದು ನಕಲು ನಿಮ್ಮ ಹತ್ತಿರ ಇರಲಿ.

ಅವಸರದಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿಬಿಟ್ಟರೆ ಅದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ. ಪ್ರಜೆಯಲ್ಲದವರು ಪ್ರಜೆ ಎಂದು ಹೇಳಿಕೊಳ್ಳುವುದು ವಲಸೆ ಕಾನೂನಿನಲ್ಲಿ ಬಹಳ ಗಂಭೀರ ವಿಷಯ. ಗ್ರೀನ್ ಕಾರ್ಡಿಗೂ ಮುಂದಿನ ಪೌರತ್ವದ ಅರ್ಜಿಗೂ ಅದು ಮುಳುವಾಗಬಹುದು. ಈ ಒಂದು ಚೌಕವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ.

ಕಾನೂನು ಕಾಯುವುದು ಕೆಲಸವನ್ನು

ಪ್ರಜೆಯಾಗಿದ್ದರೆ ಈಗ ರಜೆಯ ಮಾತಿಗೆ ಬರೋಣ. ಫೆಡರಲ್ ಕೋರ್ಟಿನ ಜ್ಯೂರಿಗೆ ಹೋದ ಕಾಯಂ ನೌಕರರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹೆದರಿಸುವಂತಿಲ್ಲ, ಕಿರುಕುಳ ಕೊಡುವಂತಿಲ್ಲ. ಮೀರಿದ ಮಾಲೀಕರಿಗೆ ಪ್ರತಿ ಉಲ್ಲಂಘನೆಗೆ 5000 ಡಾಲರ್‌ವರೆಗೆ ದಂಡ ಬೀಳಬಹುದು. ರಾಜ್ಯದ ಕೋರ್ಟುಗಳ ಜ್ಯೂರಿಗೂ ಬಹುತೇಕ ರಾಜ್ಯಗಳಲ್ಲಿ ಇಂಥದ್ದೇ ರಕ್ಷಣೆಯಿದೆ. ಮುಂಚಿತವಾಗಿ ತಿಳಿಸುವುದಷ್ಟೇ ನಿಮ್ಮ ಜವಾಬ್ದಾರಿ.

ಆದರೆ ಸಂಬಳ ಕೊಡಲೇಬೇಕು ಎಂದು ಖಾಸಗಿ ಕಂಪನಿಗಳಿಗೆ ಹೇಳುವ ಒಂದು ಸಾಮಾನ್ಯ ಫೆಡರಲ್ ಕಾನೂನು ಇಲ್ಲ. ಕೋರ್ಟು ಕೊಡುವ ಭತ್ಯೆಯಂತೂ ನೆಚ್ಚಿಕೊಳ್ಳುವಂಥದ್ದಲ್ಲ. ಫೆಡರಲ್ ಕೋರ್ಟಿನಲ್ಲಿ ದಿನಕ್ಕೆ 50 ಡಾಲರ್, ವಿಚಾರಣೆ ಹತ್ತು ದಿನ ದಾಟಿದರೆ 60ರವರೆಗೆ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮೊದಲ ದಿನಕ್ಕೆ ಏನೂ ಇಲ್ಲ, ಎರಡನೇ ದಿನದಿಂದ 15 ಡಾಲರ್. ಬೇ ಏರಿಯಾದಲ್ಲಿ ಅದಕ್ಕೆ ಒಂದು ಮಸಾಲೆ ದೋಸೆ, ಒಂದು ಕಾಫಿ ಬಂದರೆ ಹೆಚ್ಚು.

ಹಾಗಾಗಿ ನಿಮ್ಮ ರಾಜ್ಯ ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಮ್ಯಾಸಚೂಸೆಟ್ಸ್‌ನಲ್ಲಿದ್ದರೆ ನೀವು ಅದೃಷ್ಟವಂತರು. ಅಲ್ಲಿ ಮೊದಲ ಮೂರು ದಿನದ ಸಂಬಳ ಮಾಲೀಕರೇ ಕೊಡಬೇಕು, ಅರೆಕಾಲಿಕ ಕೆಲಸದವರಿಗೂ ಇದು ಅನ್ವಯ. ನಾಲ್ಕನೇ ದಿನದಿಂದ ರಾಜ್ಯ ಸರ್ಕಾರ ದಿನಕ್ಕೆ 50 ಡಾಲರ್ ಕೊಡುತ್ತದೆ. ಕನೆಕ್ಟಿಕಟ್‌ನಲ್ಲಿ ಪೂರ್ಣಾವಧಿ ನೌಕರರಿಗೆ ಮೊದಲ ಐದು ದಿನ ಸಂಬಳ. ಕೊಲರಾಡೊದಲ್ಲಿ ಮೂರು ದಿನ, ಆದರೆ ದಿನಕ್ಕೆ 50 ಡಾಲರ್ ಮಿತಿ. ನ್ಯೂಯಾರ್ಕಿನಲ್ಲಿ ಹತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮೊದಲ ಮೂರು ದಿನ ಕನಿಷ್ಠ ಜ್ಯೂರಿ ಭತ್ಯೆಯಷ್ಟನ್ನಾದರೂ ಮಾಲೀಕರು ಕೊಡಬೇಕು. ನೆಬ್ರಾಸ್ಕಾದಲ್ಲಿ ಭತ್ಯೆ ಕಳೆದು ಉಳಿದ ಸಂಬಳ. ಕ್ಯಾಲಿಫೋರ್ನಿಯಾದ ಖಾಸಗಿ ಕಂಪನಿಗಳಿಗೆ ಇಂಥ ಕಟ್ಟುಪಾಡಿಲ್ಲ. ಬೇಕಿದ್ದರೆ ನಿಮ್ಮ ಪಿಟಿಒ, ಅಂದರೆ ಸಂಬಳ ಸಹಿತ ರಜೆ, ಬಳಸಿಕೊಳ್ಳಬಹುದು. ಪಿಟಿಒವನ್ನೇ ಬಳಸಿ ಎಂದು ಒತ್ತಾಯಿಸುವುದನ್ನು ಅಲಬಾಮಾ, ಅರಿಜೋನಾದಂಥ ರಾಜ್ಯಗಳು ನಿಷೇಧಿಸಿವೆ.

ಫೆಡರಲ್ ಸರ್ಕಾರದ ನೌಕರರಿಗೆ ಈ ತಲೆಬಿಸಿಯೇ ಇಲ್ಲ. ಅವರಿಗೆ ಕೋರ್ಟ್ ಲೀವ್ ಎಂಬ ಪ್ರತ್ಯೇಕ ರಜೆ ಇದೆ, ಪೂರ್ತಿ ಸಂಬಳ ಬರುತ್ತದೆ, ವಾರ್ಷಿಕ ರಜೆಯಿಂದ ಕಳೆಯುವುದಿಲ್ಲ. ರಾಜ್ಯ ಕೋರ್ಟಿನಿಂದ ಬಂದ ಭತ್ಯೆಯನ್ನು ಮಾತ್ರ ಇಲಾಖೆಗೆ ಒಪ್ಪಿಸಬೇಕು.

ಐಟಿಯವರು ಕತ್ತರಿಸಿ ಇಟ್ಟುಕೊಳ್ಳಬೇಕಾದ ನಿಯಮ

ಈ ನಿಯಮ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಪೆಟ್ಟು ತಿಂದು ಕಲಿತೆ. ಪ್ರಜೆಯಾದ ಮೇಲೆ ಮೊದಲ ಸಲ ಹೋದಾಗ ಮಂಗಳವಾರದಿಂದ ಗುರುವಾರದವರೆಗೆ ಕೋರ್ಟಿನಲ್ಲಿದ್ದೆ, ಸೋಮವಾರ, ಶುಕ್ರವಾರ ಆಫೀಸಿನಲ್ಲಿ ಕೆಲಸ ಮಾಡಿದೆ. ತಿಂಗಳ ಕೊನೆಗೆ ಪೇಸ್ಲಿಪ್ ನೋಡಿದರೆ ಮೂರು ದಿನದ ಸಂಬಳ ಮಾಯ. ಕೇಳಿದ್ದಕ್ಕೆ, "ಜ್ಯೂರಿ ಡ್ಯೂಟಿಗೆ ಸಂಬಳ ಕೊಡುವುದು ನಮ್ಮ ಪಾಲಿಸಿಯಲ್ಲಿಲ್ಲ" ಎಂದರು ಹೆಚ್‌ಆರ್‌ನವರು.

ಪಾಲಿಸಿಗಿಂತ ಮೇಲೆ ಒಂದು ನಿಯಮವಿತ್ತು. ಗಂಟೆ ಲೆಕ್ಕವಿಲ್ಲದೆ, ಓವರ್‌ಟೈಮ್ ಇಲ್ಲದೆ, ನಿಗದಿತ ಸಂಬಳಕ್ಕೆ ಕೆಲಸ ಮಾಡುವವರನ್ನು ಇಲ್ಲಿ 'ಎಕ್ಸೆಂಪ್ಟ್' ನೌಕರರು ಎನ್ನುತ್ತಾರೆ. ಐಟಿಯವರಲ್ಲಿ ಹೆಚ್ಚಿನವರು ಇದೇ ಗುಂಪು. ಇಂಥವರು ಆ ವಾರದಲ್ಲಿ ಸ್ವಲ್ಪವಾದರೂ ಕೆಲಸ ಮಾಡಿದ್ದರೆ, ಜ್ಯೂರಿ ಡ್ಯೂಟಿಗೋ ಸಾಕ್ಷಿ ಹೇಳಲೋ ಹೋದ ದಿನಗಳ ಸಂಬಳ ಕಡಿಯುವಂತಿಲ್ಲ. ಕೋರ್ಟು ಕೊಟ್ಟ ಭತ್ಯೆಯಷ್ಟನ್ನು ಮಾತ್ರ ಆ ವಾರದ ಸಂಬಳದಲ್ಲಿ ಹೊಂದಿಸಿಕೊಳ್ಳಬಹುದು. ಫೆಡರಲ್ ಕಾರ್ಮಿಕ ನಿಯಮಾವಳಿಯ 541.602ರಲ್ಲಿ ಇದಿದೆ. ಆ ಸಂಖ್ಯೆಯನ್ನು ಹಾಕಿ ಎರಡು ಸಾಲಿನ ಇಮೇಲ್ ಕಳಿಸಿದೆ, ಜಗಳವಾಡಲಿಲ್ಲ. ಮುಂದಿನ ಪೇಸ್ಲಿಪ್ಪಿನಲ್ಲಿ ದುಡ್ಡು ಬಂತು. ಕ್ಷಮೆಯ ಮಾತು ಬರಲಿಲ್ಲ.

ಎರಡು ಎಚ್ಚರಿಕೆ ಇವೆ. ಇಡೀ ವಾರ ಕೋರ್ಟಿನಲ್ಲೇ ಕಳೆದು ಕಂಪನಿಗೆ ಏನೂ ಕೆಲಸ ಮಾಡದಿದ್ದರೆ ಈ ನಿಯಮ ಕೈಹಿಡಿಯುವುದಿಲ್ಲ. ಗಂಟೆ ಲೆಕ್ಕದ ನೌಕರರಿಗೂ ಅನ್ವಯಿಸುವುದಿಲ್ಲ. ಅವರಿಗೆ ರಾಜ್ಯದ ಕಾನೂನು, ಕಂಪನಿಯ ಪಾಲಿಸಿ ಇವೆರಡೇ ಗತಿ. ಸ್ವಂತ ಕಾಂಟ್ರಾಕ್ಟಿನ ಮೇಲೆ ದುಡಿಯುವವರಿಗೆ ಇವೂ ಇಲ್ಲ.

ಆಫೀಸಿಗೆ ಹೇಳುವುದು ಹೇಗೆ

ಸಮನ್ಸ್ ಕೈಗೆ ಬಂದ ದಿನವೇ ಹೇಳಿ. ಹಿಂದಿನ ಸಂಜೆ ಹೇಳಿದರೆ ಕಾನೂನು ನಿಮ್ಮ ಕಡೆಗಿದ್ದರೂ ಮ್ಯಾನೇಜರ್ ಮುಖ ನಿಮ್ಮ ಕಡೆಗಿರುವುದಿಲ್ಲ. ಅದಕ್ಕೂ ಮೊದಲು ಕಂಪನಿಯ ಕೈಪಿಡಿಯಲ್ಲಿ ಜ್ಯೂರಿ ಎಂಬ ಪದ ಹುಡುಕಿ. ಕಾನೂನು ಕೇಳದಿದ್ದರೂ ಐದೋ ಹತ್ತೋ ದಿನ ಪೂರ್ತಿ ಸಂಬಳ ಕೊಡುವ ಕಂಪನಿಗಳಿವೆ. ಆಮೇಲೆ ಮ್ಯಾನೇಜರ್ ಮತ್ತು ಹೆಚ್‌ಆರ್ ಇಬ್ಬರಿಗೂ ಒಂದೇ ಇಮೇಲಿನಲ್ಲಿ ದಿನಾಂಕ, ಕೋರ್ಟಿನ ಹೆಸರು ತಿಳಿಸಿ, ಸಮನ್ಸಿನ ಪ್ರತಿ ಲಗತ್ತಿಸಿ. ಮೂರು ಪ್ರಶ್ನೆ ಕೇಳಿ: ಸಂಬಳ ಎಷ್ಟು ದಿನ, ಭತ್ಯೆಯನ್ನು ಒಪ್ಪಿಸಬೇಕೇ, ಕೋರ್ಟು ಮಧ್ಯಾಹ್ನವೇ ಬಿಟ್ಟರೆ ಕೆಲಸಕ್ಕೆ ಬರಬೇಕೇ. ಬಾಯಿಮಾತಿನ ಒಪ್ಪಿಗೆಗೆ ನಿಲ್ಲಬೇಡಿ. ಭತ್ಯೆ ಆದಾಯವೇ, ತೆರಿಗೆ ಲೆಕ್ಕಕ್ಕೆ ಬರುತ್ತದೆ. ಕಂಪನಿಗೆ ಒಪ್ಪಿಸಿದ್ದರೆ ಅಷ್ಟನ್ನು ಆದಾಯದಿಂದ ಕಳೆಯಬಹುದು.

ಎಷ್ಟು ದಿನ ಬೇಕು ಎಂದು ಮೊದಲೇ ಹೇಳಲಾಗದು. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಲ್ಲಿ ಒಂದು ದಿನ ಅಥವಾ ಒಂದು ವಿಚಾರಣೆ ಎಂಬ ಪದ್ಧತಿ. ಹೋದ ದಿನ ಆಯ್ಕೆಯಾಗದಿದ್ದರೆ ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಹೋಗುವುದೇ ಬೇಕಾಗುವುದಿಲ್ಲ. ಹಿಂದಿನ ಸಂಜೆ ಜಾಲತಾಣದಲ್ಲಿ ನಿಮ್ಮ ಗುಂಪಿನ ಸಂಖ್ಯೆ ನೋಡಿದರೆ ನಾಳೆ ಬರಬೇಡಿ ಎಂದಿರುತ್ತದೆ. ಗ್ರ್ಯಾಂಡ್ ಜ್ಯೂರಿ ಎಂದಿದ್ದರೆ ಮಾತ್ರ ಲೆಕ್ಕ ಬೇರೆ. ಫೆಡರಲ್ ಗ್ರ್ಯಾಂಡ್ ಜ್ಯೂರಿ ಆಗಾಗ ಸೇರುತ್ತ 18 ತಿಂಗಳವರೆಗೂ ನಡೆಯಬಹುದು. ಈ ಮಾತನ್ನು ಇಮೇಲಿನ ಮೊದಲ ಸಾಲಿನಲ್ಲೇ ಹಾಕಿ.

ಊರಿನ ಟಿಕೆಟ್, ಮದುವೆ, ಮಗು

ಡಿಸೆಂಬರಿನಲ್ಲಿ ಊರಿಗೆ ಹೊರಟಿರುತ್ತೀರಿ, ತಂಗಿಯ ಮದುವೆ, ಅಷ್ಟರಲ್ಲಿ ಸಮನ್ಸ್. ಗಾಬರಿ ಬೇಡ. ಮುಂದೂಡಿ ಎಂದು ಕೇಳುವ ಅವಕಾಶ ಎಲ್ಲೆಡೆ ಇದೆ. ಪ್ರಶ್ನಾವಳಿಯ ಜೊತೆಗೆ ವಿಮಾನದ ಟಿಕೆಟಿನ ಪ್ರತಿ ಹಾಕಿ, ನಿಮಗೆ ಅನುಕೂಲವಾಗುವ ದಿನವನ್ನು ನೀವೇ ಸೂಚಿಸಿ. ಕ್ಯಾಲಿಫೋರ್ನಿಯಾದಲ್ಲಿ ಎದೆಹಾಲು ಕುಡಿಸುವ ತಾಯಂದಿರು ಒಂದು ವರ್ಷದವರೆಗೆ ಮುಂದೂಡಿಸಿಕೊಳ್ಳಬಹುದು. 70 ದಾಟಿದ ಹಿರಿಯರಿಗೆ ಅನೇಕ ಫೆಡರಲ್ ಕೋರ್ಟುಗಳು ಕೇಳಿದರೆ ವಿನಾಯಿತಿ ಕೊಡುತ್ತವೆ. ಇಂಗ್ಲಿಷ್ ಬರುವುದಿಲ್ಲ ಎಂಬ ನೆಪ ಮಾತ್ರ ಬೇಡ. ಪ್ರಶ್ನಾವಳಿಯಲ್ಲಿ ಉದ್ಯೋಗದ ಕಾಲಮ್ ಕೂಡ ಇರುತ್ತದೆ, ಸೀನಿಯರ್ ಮ್ಯಾನೇಜರ್ ಎಂದು ನೀವೇ ಬರೆದಿರುತ್ತೀರಿ.

ಸುಮ್ಮನೆ ತಪ್ಪಿಸಿಕೊಂಡರೆ ಫೆಡರಲ್ ಕೋರ್ಟು 1000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು ವಿಧಿಸಬಹುದು. ಇದೇ ಭಯವನ್ನು ಬಂಡವಾಳ ಮಾಡಿಕೊಂಡ ವಂಚಕರೂ ಇದ್ದಾರೆ. "ಜ್ಯೂರಿ ಡ್ಯೂಟಿ ತಪ್ಪಿಸಿದ್ದೀರಿ, ವಾರಂಟ್ ಹೊರಟಿದೆ, ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಯಾವ ಕೋರ್ಟೂ ಫೋನಿನಲ್ಲಿ ಹೀಗೆ ದುಡ್ಡು ಕೇಳುವುದಿಲ್ಲ. ಮಕ್ಕಳ ಮನೆಗೆ ಬಂದು ಉಳಿದಿರುವ ಅಪ್ಪ ಅಮ್ಮನಿಗೂ ಇದನ್ನು ಹೇಳಿಡಿ, ಹಗಲಲ್ಲಿ ಮನೆಯ ಫೋನ್ ಎತ್ತುವವರು ಅವರೇ.

ಸಾಕ್ಷಿಯಾಗಿ ಹೋಗುವಾಗ

ಅಪಘಾತ ಕಣ್ಣಾರೆ ಕಂಡಿದ್ದಕ್ಕೆ ಸಾಕ್ಷಿ ಹೇಳಲು ಬರುವ ಆದೇಶ ಸಬ್‌ಪೀನಾ. ಇದಕ್ಕೆ ಪೌರತ್ವದ ಹಂಗಿಲ್ಲ, ಎಚ್-1ಬಿಯವರೂ ಹೋಗಲೇಬೇಕು. ಫೆಡರಲ್ ಕೋರ್ಟಿನಲ್ಲಿ ಸಾಕ್ಷಿಗೆ ದಿನಕ್ಕೆ 40 ಡಾಲರ್, ಜೊತೆಗೆ ಪ್ರಯಾಣದ ಖರ್ಚು. ಸಬ್‌ಪೀನಾಕ್ಕೆ ಓಗೊಟ್ಟು ಹೋದವರನ್ನು ಶಿಕ್ಷಿಸಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳಲ್ಲಿದೆ. ಮೇಲೆ ಹೇಳಿದ ಎಕ್ಸೆಂಪ್ಟ್ ನಿಯಮ ಇಲ್ಲಿಯೂ ನಡೆಯುತ್ತದೆ. ಆದರೆ ನಿಮ್ಮದೇ ಟ್ರಾಫಿಕ್ ಟಿಕೆಟ್, ನಿಮ್ಮದೇ ವಿಚ್ಛೇದನ, ಬಾಡಿಗೆ ಮನೆಯ ತಕರಾರು ಇವಕ್ಕೆ ಸಾಮಾನ್ಯವಾಗಿ ನಿಮ್ಮ ಸ್ವಂತ ರಜೆಯನ್ನೇ ಹಾಕಬೇಕು.

ಜ್ಯೂರಿ ಡ್ಯೂಟಿ ಮುಗಿಸಿ ಕೋರ್ಟಿನಿಂದ ಹೊರಡುವ ಮುನ್ನ ಜ್ಯೂರಿ ಕಚೇರಿಯಲ್ಲಿ ಹಾಜರಾತಿ ಪತ್ರ ಕೇಳಿ ಪಡೆಯಿರಿ, ಪ್ರತಿ ದಿನದ ನಮೂದು ಅದರಲ್ಲಿರಲಿ. ಹೆಚ್‌ಆರ್ ಮುಂದೆ ನಿಮ್ಮ ಪರವಾಗಿ ಮಾತಾಡುವ ಕಾಗದ ಅದೊಂದೇ. ಲಕೋಟೆ ಈಗಾಗಲೇ ಬಂದು ಫ್ರಿಜ್ಜಿನ ಮೇಲೆ ಕೂತಿದ್ದರೆ ಇವತ್ತೇ ಒಡೆದು ನೋಡಿ. ಫೆಡರಲ್ ಕೋರ್ಟಿನ ಪ್ರಶ್ನಾವಳಿಗೆ ಉತ್ತರಿಸಲು ಇರುವುದು ಹತ್ತೇ ದಿನ.