ಅಲ್ಲಿ ನೋವಾದರೆ ಹೇಳಿಬಿಡು

ತಮ್ಮಾ, ದನಿ ಒಡೆದು ಮೀಸೆ ಚಿಗುರುತ್ತಿರುವ ವಯಸ್ಸು ನಿನ್ನದು. ಈ ವಯಸ್ಸಿನಲ್ಲಿ ಮೈಯಲ್ಲಾಗುವ ಬದಲಾವಣೆಯ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಶಾಲೆಯಲ್ಲೂ ಆ ಪಾಠ ಬಂದರೆ “ನೀವೇ ಓದಿಕೊಳ್ಳಿ” ಎಂದು ಪುಟ ತಿರುವಿಬಿಡುವುದುಂಟು. ಅದಕ್ಕೇ ನಾನು ಹೇಳುತ್ತಿದ್ದೇನೆ, ಕೇಳು.

ಹುಡುಗರು ಪ್ರಾಯಕ್ಕೆ ಬರುವ ಮೊದಲ ಗುರುತು ಮೀಸೆಯಲ್ಲ, ವೃಷಣಗಳು ದೊಡ್ಡವಾಗುವುದು. 9ರಿಂದ 14ರೊಳಗೆ ಯಾವಾಗ ಶುರುವಾದರೂ ಸರಿಯೇ. ಗೆಳೆಯನಿಗೆ ಮೊದಲಾಯಿತೆಂದು ಕೊರಗಬೇಡ. ಎರಡರಲ್ಲಿ ಒಂದು, ಸಾಮಾನ್ಯವಾಗಿ ಎಡಗಡೆಯದು, ತುಸು ಕೆಳಗೆ ಜೋತಿರುತ್ತದೆ. ಅದು ದೋಷವಲ್ಲ. ನಿದ್ದೆಯಲ್ಲಿ ವೀರ್ಯ ಹೋಗುವುದೂ ಕಾಯಿಲೆಯಲ್ಲ. ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ನಂಬಿ ದುಡ್ಡು ಸುರಿಯಬೇಡ.

ಆದರೆ ವೃಷಣದಲ್ಲಿ ನೋವಾದರೆ ವಿಷಯ ಬೇರೆ. ಯಾಕೆಂದು ಹೇಳುತ್ತೇನೆ. ನೀನು ತಾಯಿಯ ಗರ್ಭದಲ್ಲಿದ್ದಾಗ ವೃಷಣಗಳು ಮೂಡಿದ್ದು ನಿನ್ನ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ವೀರ್ಯಾಣು ತಯಾರಾಗಲು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಹೊರಗಿನ ಚೀಲದಲ್ಲಿ ಆ ತಂಪು ಇರುತ್ತದೆ. ಗರ್ಭದ ಏಳನೇ ತಿಂಗಳ ಸುಮಾರಿಗೆ ಅವು ಅಲ್ಲಿಗೆ ಇಳಿಯುತ್ತವೆ. ರಕ್ತನಾಳ, ನರಗಳನ್ನೂ ಹೊಟ್ಟೆಯಿಂದ ಜೊತೆಗೇ ಎಳೆತರುತ್ತವೆ. ವೃಷಣ ನೇತಾಡುವುದು ಆ ನಾಳಗಳ ಆಸರೆಯಲ್ಲೇ. ಕೆಲವರಲ್ಲಿ ಸುತ್ತಲಿನ ಹಿಡಿತ ಸಡಿಲವಾಗಿದ್ದು, ವೃಷಣ ತಟ್ಟನೆ ತಿರುಗಿಬಿಡುತ್ತದೆ. ತೋಟದ ಪೈಪು ನುಲಿದುಕೊಂಡರೆ ನೀರು ನಿಂತಂತೆ ರಕ್ತ ನಿಲ್ಲುತ್ತದೆ.

ಇದು ಹೆಚ್ಚಾಗಿ ಕಾಣುವುದು 12ರಿಂದ 18ರ ಹುಡುಗರಲ್ಲಿ. ಪೆಟ್ಟು ಬಿದ್ದೇ ಆಗಬೇಕೆಂದಿಲ್ಲ, ನಡುರಾತ್ರಿ ನಿದ್ದೆಯಲ್ಲೂ ಆಗಬಹುದು. ನರಗಳು ಹೊಟ್ಟೆಯಿಂದ ಬಂದವಾದ್ದರಿಂದ ಕಿಬ್ಬೊಟ್ಟೆಯೂ ನೋಯುತ್ತದೆ, ವಾಂತಿಯಾಗುತ್ತದೆ. ಹುಡುಗ ನಾಚಿಕೊಂಡು “ಹೊಟ್ಟೆನೋವು” ಅನ್ನುತ್ತಾನೆ, ಅಮ್ಮ ಓಮಿನ ಕಷಾಯ ಕುಡಿಸಿ ಮಲಗಿಸುತ್ತಾಳೆ. ಅಷ್ಟರಲ್ಲಿ ಬೆಳಗಾಗಿರುತ್ತದೆ. ನೋವು ಶುರುವಾದ ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಬಹುಮಟ್ಟಿಗೆ ಉಳಿಯುತ್ತದೆ. ಒಂದು ದಿನ ಕಳೆದರೆ ತೆಗೆದುಹಾಕಬೇಕಾಗಿ ಬರುವುದೇ ಹೆಚ್ಚು.

ಆದ್ದರಿಂದ ಅಲ್ಲಿ ಇದ್ದಕ್ಕಿದ್ದಂತೆ ನೋವು ಬಂದರೆ ಎಷ್ಟು ಹೊತ್ತಾಗಿದ್ದರೂ ಅಪ್ಪನನ್ನೋ ಅಮ್ಮನನ್ನೋ ಎಬ್ಬಿಸು. “ಬೀಜದಲ್ಲಿ ನೋವು” ಎಂದು ನೇರವಾಗಿ ಹೇಳು. ಹಾಸ್ಟೆಲಿನಲ್ಲಿದ್ದರೆ ವಾರ್ಡನ್‌ಗೆ ಹೇಳು. ಡಾಕ್ಟರು ಹೊಟ್ಟೆಯನ್ನಷ್ಟೇ ಒತ್ತಿ ನೋಡಿದರೆ “ಕೆಳಗೂ ನೋಡಿ ಸಾರ್” ಅನ್ನು. ನೋವು ತಾನಾಗಿ ಇಳಿದರೂ ತೋರಿಸದೆ ಬಿಡಬೇಡ, ಮತ್ತೆ ತಿರುಗಬಹುದು. ಒಂದು ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮಕ್ಕಳಾಗುತ್ತವೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಬಾಯಿಬಿಟ್ಟು ಹೇಳಿದ್ದರೆ ಉಳಿಯುತ್ತಿದ್ದುದನ್ನು ಬರೀ ಸಂಕೋಚಕ್ಕೆ ಕಳೆದುಕೊಳ್ಳಬೇಡ.