ಕಾಂಡ್ಲಾ ನೆಡುವ ಮೊದಲು

ಹಾಳಾದ ಅಳಿವೆಯೊಂದನ್ನು ಸರಿಮಾಡುವುದು ಹೇಗೆ ಅಂತ ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಉತ್ತರ ಒಂದೇ: ಕಾಂಡ್ಲಾ ಗಿಡ ನೆಡಬೇಕು. ಜೂನ್ 5 ಬಂತೆಂದರೆ ಬ್ಯಾನರ್, ಸಸಿ, ಗ್ರೂಪ್ ಫೋಟೋ. ನಾವೂ ಹಾಗೇ ಅಂದುಕೊಂಡಿದ್ದೆವು. ಸ್ವಲ್ಪ ಓದಿ, ಸ್ವಲ್ಪ ಲೆಕ್ಕ ಹಾಕಿದ ಮೇಲೆ ಕಂಡದ್ದು ಬೇರೆ. ಗಿಡ ನೆಡುವುದು ಆ ಕೆಲಸದ ಕೊನೆಯ ಹಂತ. ಕೆಲವು ಕಡೆ ಬೇಕಾಗದೇ ಇರುವ ಹಂತ. ಮೊದಲ ಹಂತ ಇರುವುದು ಸಮುದ್ರದಿಂದ ಎಷ್ಟೋ ದೂರದ ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ತೋಡುಗಳಲ್ಲಿ.

ಮೊದಲು ನಕ್ಷೆ ನೋಡೋಣ. ಬೆಳ್ತಂಗಡಿ ತಾಲೂಕಿನ ಹೊಳೆಗಳನ್ನು ಕೂಡಿಸಿಕೊಂಡು ಬರುವ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ, ಪಾಣೆಮಂಗಳೂರು, ತುಂಬೆ ದಾಟಿ ಉಳ್ಳಾಲದ ಹತ್ತಿರ ಕಡಲಿಗೆ ಹೋಗುತ್ತದೆ. ಅದೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಾಹುಬಲಿಯ ಪಕ್ಕದಲ್ಲೇ ಹರಿಯುವ ಫಲ್ಗುಣಿ, ಮೂಡುಬಿದಿರೆ ಕಡೆಯ ತೋಡುಗಳ ನೀರನ್ನೂ ಹೊತ್ತುಕೊಂಡು ಮರವೂರು, ಕೂಳೂರಿಗೆ ಬಂದು, ಅಲ್ಲಿಂದ ನೇರ ಕಡಲಿಗೆ ಹೋಗದೆ ದಕ್ಷಿಣಕ್ಕೆ ತಿರುಗುತ್ತದೆ. ತಣ್ಣೀರುಬಾವಿ–ಬೆಂಗ್ರೆಯ ಉದ್ದ ಮರಳಿನ ಪಟ್ಟಿ ಅಡ್ಡ ಇದೆಯಲ್ಲ, ಅದರ ಹಿಂದೆ ಹರಿದು ನೇತ್ರಾವತಿಯನ್ನು ಕೂಡುತ್ತದೆ. ಎರಡೂ ನದಿಗಳಿಗೆ ಬಾಗಿಲು ಒಂದೇ, ಅಳಿವೆಬಾಗಿಲು. ಅಂದರೆ ನಮ್ಮ ಮೂರೂ ಊರುಗಳ ಪಾತ್ರೆ ತೊಳೆದ ನೀರು ಬೇರೆ ಬೇರೆ ದಾರಿ ಹಿಡಿದರೂ ಕೊನೆಗೆ ಭೇಟಿಯಾಗುವುದು ಮಂಗಳೂರಿನ ಅದೇ ಕೆಸರುಭೂಮಿಯಲ್ಲಿ.

ಆ ಕೆಸರು ಸುಮ್ಮನೆ ಬಿದ್ದಿರುವ ಜಾಗ ಅಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬಂದು ಇಳಿಯುತ್ತದೆ. ಜುಲೈಯಲ್ಲಿ ಅಲ್ಲಿನ ನೀರು ಹೆಚ್ಚುಕಡಿಮೆ ಸಿಹಿ, ಏಪ್ರಿಲ್‌ನಲ್ಲಿ ಕಡಲಿನಷ್ಟೇ ಉಪ್ಪು. ಈ ಏರುಪೇರು ತಾಳಿಕೊಳ್ಳುವ ಜೀವಗಳಷ್ಟೇ ಅಲ್ಲಿ ಉಳಿಯುತ್ತವೆ: ಕೆಸರಿನಿಂದ ಉಸಿರುಬೇರು ಮೇಲೆತ್ತುವ ಕಾಂಡ್ಲಾ ಜಾತಿಯ ಮರಗಳು, ಸಿಗಡಿ ಮರಿ, ಏಡಿ, ಮರುವಾಯಿ. ಮರುವಾಯಿ ಎಂಬ ಚಿಪ್ಪುಜೀವಿ ನೀರನ್ನು ಒಳಗೆಳೆದು ಸೋಸಿ ಬದುಕುತ್ತದೆ. ನಮಗೆ ಪುಕ್ಕಟೆ ಫಿಲ್ಟರ್. ಆದರೆ ನೀರಿನಲ್ಲಿ ಶೌಚದ ಬ್ಯಾಕ್ಟೀರಿಯಾ ಇದ್ದರೆ ಅದನ್ನೂ ಸೋಸಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಹೆಕ್ಕಿ ಮಾರುವವರಿಗೆ, ತಿನ್ನುವವರಿಗೆ ಮೊದಲು ಪೆಟ್ಟು.

ಈಗ ಲೆಕ್ಕ. ಬಂಟ್ವಾಳ ಪುರಸಭೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 40 ಸಾವಿರ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಗೆ, ಇದು ನಮ್ಮ ಪಠ್ಯದಲ್ಲೇ ಇರುವ ಅಂದಾಜು. ತಲಾ 108 ಲೀಟರ್, ಒಟ್ಟು 43 ಲಕ್ಷ ಲೀಟರ್. ಲೀಟರಿಗೆ 250 ಮಿಲಿಗ್ರಾಂ ಬಿಓಡಿ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 1,080 ಕೆ.ಜಿ. ಅಂದರೆ ಆ ಕೊಳಚೆ ಕೊಳೆಯುವಾಗ ನೀರಿನಿಂದ ಅಷ್ಟು ಆಮ್ಲಜನಕ ಕೇಳುತ್ತದೆ. 30 ಡಿಗ್ರಿ ಬಿಸಿಯ ಸಿಹಿನೀರಿನಲ್ಲಿ ಕರಗಿರಬಹುದಾದ ಆಮ್ಲಜನಕವೇ ಲೀಟರಿಗೆ ಏಳೂವರೆ ಮಿಲಿಗ್ರಾಂ. ಮೀನಿಗಾಗಿ ಅದರಲ್ಲಿ 5 ಉಳಿಸಿದರೆ ಖರ್ಚಿಗೆ ಸಿಗುವುದು ಎರಡೂವರೆ. ಭಾಗಿಸಿ ನೋಡಿ: 43 ಕೋಟಿ ಲೀಟರ್ ಶುದ್ಧ ನೀರು, ಅಂದರೆ ಸೆಕೆಂಡಿಗೆ ಸುಮಾರು 5 ಘನಮೀಟರ್ ಹರಿವು ಬೇಕು.

ಇದು ಬಂಟ್ವಾಳದಲ್ಲಿ ಈಗ ಏನಾಗುತ್ತಿದೆ ಎಂಬುದರ ಅಳತೆ ಅಲ್ಲ, ತಪ್ಪು ತಿಳಿಯಬೇಡಿ. ಎಲ್ಲ ಕೊಳಚೆಯೂ ನೇರ ಹೊಳೆಗೆ ಬಿತ್ತು, ಗಾಳಿಯಿಂದ ಹೊಸ ಆಮ್ಲಜನಕ ಸೇರಲಿಲ್ಲ ಎಂದು ಹಿಡಿದ ಒರಟು ಲೆಕ್ಕ. 40 ಸಾವಿರ ಜನರ ಯಾವ ಊರಿಗೂ ಅನ್ವಯಿಸುತ್ತದೆ. ಆದರೆ ಅದರಿಂದ ಒಂದು ವಿಷಯ ಗೊತ್ತಾಗುತ್ತದೆ. ಮಳೆಗಾಲದ ನೇತ್ರಾವತಿಗೆ 5 ಘನಮೀಟರ್ ಲೆಕ್ಕಕ್ಕೇ ಇಲ್ಲ. ಏಪ್ರಿಲ್‌ನಲ್ಲಿ ಹಾಗಲ್ಲ, ತುಂಬೆಯ ಕಿಂಡಿ ಅಣೆಕಟ್ಟಿನ ಬಾಗಿಲು ಹಾಕಿ ಮಂಗಳೂರಿಗೆ ಕುಡಿಯಲು ನೀರು ಹಿಡಿದಿಟ್ಟಿರುವಾಗ ಹರಿವು ಎಂಬುದೇ ಇರುವುದಿಲ್ಲ. ಕೊಳಚೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಪ್ರಮಾಣ. ಮತ್ತೆ ತುಂಬೆ ಇರುವುದು ಬಿ.ಸಿ.ರೋಡ್, ಪಾಣೆಮಂಗಳೂರಿನಿಂದ ಕೆಳಗೆ. ಮೇಲಿನ ಊರು ತೋಡಿಗೆ ಬಿಟ್ಟದ್ದು ಮೊದಲು ಹೋಗುವುದು ಕೆಳಗಿನ ಊರಿನ ಕುಡಿಯುವ ನೀರಿಗೆ, ಆಮೇಲೆ ಅಳಿವೆಗೆ.

ಕೊಳಚೆ ಒಂದೇ ಅಲ್ಲ. 2019ರ ಆಗಸ್ಟ್ ನೆನಪಿದೆಯಾ? ಆ ತಿಂಗಳು ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಗುಡ್ಡಗಳು ಜರಿದು ಹೊಳೆಗಳು ಮಣ್ಣು, ಮರಗಳನ್ನು ಹೊತ್ತು ತೋಟಗಳಿಗೆ ನುಗ್ಗಿದವು. ಅದೇ ತಿಂಗಳು ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಕೂತಿತು. ಅದರ ಕಪ್ಪು ರಸ ತೋಡು ಹಿಡಿದು ಫಲ್ಗುಣಿಗೆ ಹೋಯಿತು. ಒಂದು ನದಿಯಲ್ಲಿ ಹೂಳು, ಇನ್ನೊಂದರಲ್ಲಿ ಕಸದ ರಸ. ಎರಡನ್ನೂ ಬರಮಾಡಿಕೊಂಡದ್ದು ಒಂದೇ ಅಳಿವೆ. ಇಂಥ ನೀರಿಗೆ ಸಸಿ ನೆಟ್ಟು ಏನು ಮಾಡುತ್ತೀರಿ ಮಾರಾಯ್ರೆ?

ಇನ್ನು ಸಸಿ ನೆಡುವ ವಿಷಯ. ಕರ್ನಾಟಕದಲ್ಲಿ ಕಾಂಡ್ಲಾ ಕಾಡು ಇರುವುದೇ ಬಹಳ ಕಡಿಮೆ, 2021ರ ಅರಣ್ಯ ಸಮೀಕ್ಷೆಯ ಪ್ರಕಾರ 13 ಚದರ ಕಿಲೋಮೀಟರ್. ಇಡೀ ದೇಶದಲ್ಲಿ 4,992. ಹಾಗಾಗಿ ನೆಡುವ ಉತ್ಸಾಹ ಸಹಜ. ಆದರೆ ಈ ಮರ ಎತ್ತರದ ಬಗ್ಗೆ ತುಂಬ ಹಟಮಾರಿ. ಅಮೆರಿಕದ ಫ್ಲೋರಿಡಾದಲ್ಲಿ ದಶಕಗಳ ಕಾಲ ಇದೇ ಕೆಲಸ ಮಾಡಿದ ರಾಬಿನ್ ಲೂಯಿಸ್ ಕಂಡುಕೊಂಡದ್ದು ಇದು: ಒಟ್ಟು ಸಮಯದ ಶೇ. 30ರಷ್ಟು ಅಥವಾ ಅದಕ್ಕಿಂತ ಕಡಿಮೆ ಹೊತ್ತು ನೀರಿನಲ್ಲಿ ಮುಳುಗುವ ಮಟ್ಟದಲ್ಲಿ ಮಾತ್ರ ಅವು ಚೆನ್ನಾಗಿ ಬೆಳೆಯುತ್ತವೆ. ನಮ್ಮ ಕರಾವಳಿಯಲ್ಲಿ ಉಬ್ಬರ–ಇಳಿತದ ಅಂತರವೇ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಹಾಗಿರುವಾಗ ಒಂದು ಅಡಿ ಕೆಳಗೆ ನೆಟ್ಟರೂ ಸಸಿ ಉಸಿರುಗಟ್ಟಿ ಸಾಯುತ್ತದೆ. ಇಳಿತದ ಹೊತ್ತಿನಲ್ಲಿ ಖಾಲಿ ಕಾಣುವ ಕೆಸರು ನೆಡಲು ಸುಲಭ, ಜಾಗದ ತಕರಾರೂ ಇಲ್ಲ, ಅದಕ್ಕೇ ಅಲ್ಲಿ ನೆಡುತ್ತಾರೆ. ಮರುವಾಯಿ ಹೆಕ್ಕುವವರ ಜಾಗವೂ ಅದೇ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಲೂಯಿಸ್ ವಾದ ಸರಳ: ನೀರು ಬಂದು ಹೋಗುವ ದಾರಿ ಸರಿಮಾಡಿ, ಮಟ್ಟ ಸರಿಮಾಡಿ, ಹತ್ತಿರದಲ್ಲಿ ತಾಯಿಮರ ಇದ್ದರೆ ಬೀಜ ತಾನೇ ತೇಲಿ ಬರುತ್ತದೆ.

ತಮಿಳುನಾಡಿನ ಪಿಚಾವರಂ ಇದಕ್ಕೆ ನಮ್ಮ ಪಕ್ಕದ ಸಾಕ್ಷಿ. ಅಲ್ಲಿ ಹಿಂದೆ ಕಾಂಡ್ಲಾ ಕಾಡನ್ನು ಪಟ್ಟಿ ಪಟ್ಟಿಯಾಗಿ ಕಡಿದಿದ್ದರು. ಬೋಳಾದ ನೆಲ ಒಣಗಿ ಕುಸಿದು ತೊಟ್ಟಿಯ ಆಕಾರಕ್ಕೆ ಬಂತು. ಉಬ್ಬರದ ನೀರು ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ, ಅಲ್ಲೇ ಆವಿಯಾಗಿ ಉಪ್ಪು ಏರುತ್ತದೆ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು 1990ರ ದಶಕದಲ್ಲಿ ಅರಣ್ಯ ಇಲಾಖೆ ಮತ್ತು ಊರವರ ಜೊತೆ ಸೇರಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿಸಿದರು, ನಡುವೆ ದೊಡ್ಡದು, ಎರಡೂ ಬದಿಗೆ ಓರೆಯಾಗಿ ಚಿಕ್ಕವು. ನೀರು ಹೋಗಿಬರಲು ಶುರುವಾಯಿತು, ಉಪ್ಪು ಇಳಿಯಿತು, ಆಮೇಲೆ ಗಿಡ. ನೋಡಿ, ಇದು ಶುದ್ಧ ಸಿವಿಲ್ ಕೆಲಸ, ಲೆವೆಲ್ ಮತ್ತು ಇಳಿಜಾರು.

‘ಸಮುದಾಯದ ಸಹಭಾಗಿತ್ವ’ ಅಂತ ಪ್ರಾಜೆಕ್ಟ್ ರಿಪೋರ್ಟಿನ ಕೊನೆಯ ಅಧ್ಯಾಯದಲ್ಲಿ ನಾವೆಲ್ಲ ಒಂದು ಪುಟ ಬರೆಯುತ್ತೇವೆ. ಅದರ ಅರ್ಥ ಏನು ಎಂದು ನಮಗೆ ತಿಳಿದದ್ದು ಧ್ರುವಜ್ಯೋತಿ ಘೋಷ್ ಅವರ ಕತೆಯಿಂದ. ಅವರು ಪಶ್ಚಿಮ ಬಂಗಾಳ ಸರ್ಕಾರದ ಇಂಜಿನಿಯರ್. 1980ರ ದಶಕದಲ್ಲಿ, ಕೋಲ್ಕತ್ತದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕಾಲುವೆಯ ಜಾಡು ಹಿಡಿದು ಹೊರಟರು. ಊರ ಪೂರ್ವಕ್ಕೆ ಮೀನುಗಾರರು ಆ ಕೊಳಚೆಯನ್ನು ಆಳವಿಲ್ಲದ ಕೆರೆಗಳಿಗೆ ಬಿಟ್ಟುಕೊಂಡು, ಬಿಸಿಲಿಗೆ ಪಾಚಿ ಬೆಳೆಸಿ, ಅದರಲ್ಲಿ ಮೀನು ಸಾಕುತ್ತಿದ್ದರು. ಹೊರಬಂದ ನೀರು ಗದ್ದೆಗೆ. ಇಡೀ ನಗರದ ಸಂಸ್ಕರಣಾ ಘಟಕವನ್ನು ಓದುಬರಹ ಹೆಚ್ಚಿಲ್ಲದವರು ನಡೆಸುತ್ತಿದ್ದರು. ಸುಮಾರು 12,500 ಹೆಕ್ಟೇರಿನ ಆ ಜಾಗ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅವರು ಸ್ವಯಂಸೇವಕರಲ್ಲ, ಗಮನಿಸಿ. ನೀರು ಶುದ್ಧವಾದರೆ ಅವರ ಮೀನು ಬದುಕುತ್ತದೆ, ಅಷ್ಟೇ.

ನಮ್ಮಲ್ಲೂ ಅಂಥ ರೂಢಿ ಇದೆ. ಮಳೆ ನಿಂತ ಮೇಲೆ ಬಂಟ್ವಾಳ, ಬೆಳ್ತಂಗಡಿ ಕಡೆ ತೋಟದವರು ಸೇರಿ ಹೊಳೆಗೆ ಕಲ್ಲು–ಮಣ್ಣಿನ ಕಟ್ಟ ಹಾಕುತ್ತಾರೆ. ಎಲ್ಲರ ಬಾವಿಯೂ ಏರುತ್ತದೆ, ಹಾಗಾಗಿ ಎಲ್ಲರೂ ಬರುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ಯಲ್ಲಿ ಊರಿನ ಕೆರೆ ಸಮಿತಿಯೇ ಮುಂದೆ ನಿಲ್ಲುತ್ತದೆ. ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಹೇಳಿಕೊಳ್ಳುವ ಮೂಡುಬಿದಿರೆಯವರಿಗೆ ಕೆರೆ ಎಂದರೆ ನೀರಿನ ಟ್ಯಾಂಕ್. ಇಂಜಿನಿಯರ್ ಕಣ್ಣಿಗೆ ಅದು ಹೂಳು ಕೂರುವ ತೊಟ್ಟಿಯೂ ಹೌದು. ಮೇಲೆ ಕೆರೆ ತುಂಬಿ ಹೂಳಾದರೆ ಆಮೇಲಿನ ಮಣ್ಣೆಲ್ಲ ಕೆಳಗೆ ಹೋಗುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಸಮುದಾಯ ಅನ್ನುವುದು ಒಂದೇ ಬಾಯಿ ಅಲ್ಲ. ಹರೇಕಳ–ಅಡ್ಯಾರ್ ನಡುವೆ ಉಪ್ಪುನೀರು ಮೇಲೇರದಂತೆ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮೇಲಿನ ತೋಟದವರಿಗೆ ಬಾವಿ ಸಿಹಿಯಾದರೆ ಸಂತೋಷ, ಅದು ನ್ಯಾಯವೇ. ಆದರೆ ಉಪ್ಪು–ಸಿಹಿ ಬೆರೆಯುವ ಹೊಳೆಯ ಉದ್ದ ಅಷ್ಟು ಕಡಿಮೆಯಾಗುತ್ತದೆ, ಅದನ್ನು ನಂಬಿದ ಮೀನು, ಮರುವಾಯಿಗೆ ಜಾಗವೂ ಕಡಿಮೆ. ಬಾಗಿಲು ಯಾವಾಗ, ಎಷ್ಟು ತೆರೆಯಬೇಕು ಎಂಬ ಮಾತುಕತೆಯಲ್ಲಿ ಬೀಸುಬಲೆ ಹಾಕುವವರೂ ಕುರ್ಚಿ ಹಾಕಿ ಕೂರಬೇಕು ಅನ್ನುವುದು ನಮ್ಮ ಅಭಿಪ್ರಾಯ. ಗಿಡ ನೆಡಲು ಕರೆಯುವುದಕ್ಕಿಂತ ಇದು ದೊಡ್ಡ ಸಹಭಾಗಿತ್ವ.

ನಮ್ಮ ಪಾಲಿನ ಕೆಲಸ ಇನ್ನೂ ಹತ್ತಿರದಲ್ಲಿದೆ, ಹಾಸ್ಟೆಲ್ಲಿನ ಹಿಂದೆ. 300 ಜನರ ಹಾಸ್ಟೆಲ್ ಎಂದುಕೊಳ್ಳಿ. ದಿನಕ್ಕೆ 32.4 ಘನಮೀಟರ್ ಕೊಳಚೆ. ಸೆಪ್ಟಿಕ್ ಟ್ಯಾಂಕ್ ದಾಟಿ ಬರುವಾಗ ಬಿಓಡಿ 150. ಅದನ್ನು 20ಕ್ಕೆ ಇಳಿಸಬೇಕು. ಜಲ್ಲಿ ತುಂಬಿ ಜೊಂಡು, ಕ್ಯಾನಾ ನೆಟ್ಟ ಕೃತಕ ಜೌಗುಭೂಮಿಗೆ ಬೇಕಾದ ವಿಸ್ತೀರ್ಣ ತೆಗೆಯಲು ಹರಿವನ್ನು ಎರಡು ಬಿಓಡಿಗಳ ಲಾಗರಿದಮ್ ವ್ಯತ್ಯಾಸದಿಂದ ಗುಣಿಸಿ, ಸ್ಥಿರಾಂಕದಿಂದ ಭಾಗಿಸುವುದು. ಸ್ಥಿರಾಂಕ ದಿನಕ್ಕೆ 0.15 ಮೀಟರ್ ಹಿಡಿದರೆ ಬರುವುದು 435 ಚದರ ಮೀಟರ್. ನಮ್ಮೂರ ಲೆಕ್ಕದಲ್ಲಿ ಹನ್ನೊಂದು ಸೆಂಟ್ಸ್, ಸಣ್ಣದೊಂದು ಮನೆ ಅಡಿ ಜಾಗ. ಇದೇ ಸೂತ್ರ 40 ಸಾವಿರ ಜನರಿಗೆ ಹಾಕಿದರೆ ಹದಿನಾಲ್ಕು ಎಕರೆ ಮೀರುತ್ತದೆ. ಪೇಟೆಯಲ್ಲಿ ಅಷ್ಟು ಜಾಗ ಯಾರು ಕೊಡುತ್ತಾರೆ? ಅದಕ್ಕೇ ದೊಡ್ಡ ಊರಿಗೆ ಎಸ್‌ಟಿಪಿ ಬೇಕೇ ಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಎರಡೂ ಇವೆ: ಮೊದಲು ಘಟಕ, ಆಮೇಲೆ ಜೊಂಡಿನ ಜೌಗು, ಆಮೇಲೆ ಕೆರೆ. ಇಲ್ಲಿ ಕಟ್ಟುವಾಗ ಒಂದು ಎಚ್ಚರಿಕೆ: ನಮ್ಮದು ಮುರಕಲ್ಲಿನ ನೆಲ, ತೂತು ತೂತು. ತಳಕ್ಕೆ ಶೀಟ್ ಹಾಸದಿದ್ದರೆ ಕೊಳಚೆ ಹೊಳೆಗೆ ಹೋಗುವ ಬದಲು ಪಕ್ಕದ ಮನೆಯ ಬಾವಿಗೆ ಹೋಗುತ್ತದೆ.

ಇದನ್ನೆಲ್ಲ ನಂಬುವ ಮೊದಲು ಅಳೆದು ನೋಡಬಹುದು. ಬೇಸಿಗೆಯ ಒಂದು ಬೆಳಿಗ್ಗೆ ಮೂರು ತಂಡ, ಮೂರು ಬಿಓಡಿ ಬಾಟ್ಲಿ: ವೇಣೂರು, ಪಾಣೆಮಂಗಳೂರು, ಕೂಳೂರು. ಗುಳ್ಳೆ ಬಾರದಂತೆ ನೀರು ತುಂಬಿಸಿ, ಅಲ್ಲೇ ದಡದಲ್ಲಿ ಮ್ಯಾಂಗನೀಸ್ ಸಲ್ಫೇಟ್, ನಂತರ ಕ್ಷಾರ ಬೆರೆತ ಅಯೊಡೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಕುಲುಕಿ. ಟೈಟ್ರೇಶನ್ ಲ್ಯಾಬಿಗೆ ಬಂದು ಮಾಡಬಹುದು. ಆದರೆ ಉತ್ತರದ ಅರ್ಧ ಭಾಗ ದಡದಲ್ಲೇ ಸಿಗುತ್ತದೆ: ತಳದಲ್ಲಿ ಕಂದು ಗಸಿ ಕೂತರೆ ನೀರಿನಲ್ಲಿ ಆಮ್ಲಜನಕ ಇದೆ, ಬಿಳಿ ಗಸಿ ಕೂತರೆ ಇಲ್ಲ.